ಓಡುವವರನ್ನು ಕಂಡರಾಗದ ಆಪಾ

ಅವರ ಮೂಗು ಎಡಕ್ಕೆ ಸ್ವಲ್ಪ ಸೊಟ್ಟಗಿತ್ತು. ಹುಡುಗಿಯಾಗಿದ್ದಾಗ ಖೋ-ಖೋ ಆಡುತ್ತ ಕಂಬಕ್ಕೆ ಮುಖ ಹೊಡೆದುಕೊಂಡಿದ್ದರಂತೆ. ಬಲ ಹೊಳ್ಳೆಯಲ್ಲಿ ಒಂದು ಕೆಂಪು ಹರಳಿನ ಮೂಗುಬಟ್ಟು. ಏನನ್ನಾದರೂ ಕಂಡು ಹೇಸಿಗೆಯಾದರೆ ಹೊಳ್ಳೆ ಮೇಲೇರಿ ಆ ಹರಳು ಕಣ್ಣಿನ ಕಡೆಗೆ ಸರಿಯುತ್ತಿತ್ತು. ಅವರಿಗೆ ಹೇಸಿಗೆಯಾಗದ ದಿನ ಇರುತ್ತಿರಲಿಲ್ಲವಾದ್ದರಿಂದ ಹರಳು ತನ್ನ ಜಾಗದಲ್ಲಿ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದು ಕಡಿಮೆ.

ಸೇಡಂನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅವರು ಡ್ರಿಲ್ ಟೀಚರು. ಮುಸಲ್ಮಾನರ ಮನೆಯವರು, ಊರು ಚಿತ್ತಾಪುರ, ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದರು. ಆಪಾ ಎಂದರೆ ಅವರ ಮನೆಮಾತಿನಲ್ಲಿ ಅಕ್ಕ. ಹುಡುಗಿಯರಿಗೂ ಆಪಾ, ಹೆಡ್ ಮೇಡಮ್ಮಿಗೂ ಆಪಾ, ಗಂಟೆ ಹೊಡೆಯುವ ಮುದುಕನಿಗೂ ಆಪಾ. ಸೀರೆಯ ನೆರಿಗೆಯನ್ನು ಪಿನ್ನು ಹಾಕಿ ಗಿಡ್ಡ ಮಾಡಿಕೊಂಡು, ಸೀಮೆಸುಣ್ಣ ಬಳಿದ ಬಿಳಿ ಕ್ಯಾನ್ವಾಸ್ ಬೂಟು ಹಾಕಿ ಮೈದಾನಕ್ಕೆ ಇಳಿಯುವರು. ಮಧ್ಯಾಹ್ನದೊಳಗೆ ಆ ಬೂಟು ನಮ್ಮ ಊರಿನ ಕಲ್ಲಿನ ಧೂಳಿಗೆ ಬೂದಿ ಬಣ್ಣವಾಗುವುದು. ಆಗ ಬೂಟಿನ ಮೇಲೆ ಹೇಸಿಗೆ, ಧೂಳಿನ ಮೇಲೆ ಹೇಸಿಗೆ, ಇಂಥ ಊರಿಗೆ ತಮ್ಮನ್ನು ಹಾಕಿದ ಸರಕಾರದ ಮೇಲೂ ಹೇಸಿಗೆ. ಕೆನೆಗಟ್ಟಿದ ಚಹಾ ಕಂಡರೆ ಆಗದು. ದಾವಣಿಯ ಸೆರಗಿಗೆ ಮೂಗು ಒರೆಸುವ ಹುಡುಗಿಯರು ಆಗರು. ಭಾಷಣ ಮಾಡುವವರಂತೂ ಆಗಲೇ ಆಗರು. ಎಲ್ಲಕ್ಕಿಂತ ಹೆಚ್ಚಿಗೆ ಆಗದಿದ್ದದ್ದು ಯಾರಾದರೂ ಒಬ್ಬ ಹುಡುಗಿಯನ್ನು ತೋರಿಸಿ 'ಇವಳು ಎಷ್ಟು ಜೋರು ಓಡ್ತಾಳೆ ನೋಡ್ರಿ' ಎಂದರೆ.

"ಓಡಾಕ ಏನದ? ನಾಯೀನೂ ಓಡ್ತದ. ಕಲ್ಲು ಹೊಡದ್ರ ಕತ್ತೇನೂ ಓಡ್ತದ. ನಿಂದ್ರಾಕ ಬರ್ತದೇನು ಕೇಳು ಅಕಿಗಿ," ಅನ್ನುವರು.

ಈ ಮಾತಿನ ಹಿಂದೆ ಆಟದ ನಿಯಮವಿತ್ತು. ಖೋ-ಖೋದಲ್ಲಿ ಬೆನ್ನಟ್ಟುವವಳು ಒಂದು ದಿಕ್ಕು ಹಿಡಿದಳೆಂದರೆ ಆ ತುದಿಯ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ. ಸಾಲಾಗಿ ಕೂತ ತನ್ನವರ ನಡುವೆ ನುಸುಳುವಂತಿಲ್ಲ. ಕೂತವಳಿಗೆ ಖೋ ಕೊಡಬೇಕಾದರೆ ಅವಳನ್ನು ದಾಟಿ ಹೋಗುವ ಮೊದಲೇ ಕೊಡಬೇಕು. ತಪ್ಪಿಸಿಕೊಳ್ಳುವವಳಿಗೆ ಇದಾವುದೂ ಇಲ್ಲ, ಅವಳು ಎತ್ತ ಬೇಕಾದರೂ ತಿರುಗಬಹುದು. ಹಾಗಾಗಿ ಬೆನ್ನಟ್ಟುವವಳು ಬರೀ ಜೋರಾಗಿದ್ದರೆ ಮುಂದಿನವಳು ಗಪ್ಪನೆ ನಿಂತುಬಿಟ್ಟರೆ ಸಾಕು, ಇವಳು ಅವಳನ್ನು ದಾಟಿ ಎಲ್ಲಿಯೋ ಹೋಗಿರುತ್ತಾಳೆ. ಆಪಾ ತಮ್ಮ ಮೂಗನ್ನು ಸೊಟ್ಟ ಮಾಡಿಕೊಂಡದ್ದೂ ಹೀಗೆಯೇ ಇರಬೇಕು ಎಂದು ನಮ್ಮ ಗುಮಾನಿ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವರು ಟೀಮಿಗೆ ಹುಡುಗಿಯರನ್ನು ಆರಿಸುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೈದಾನದ ನಡುವೆ ಸುಣ್ಣದಿಂದ ಒಂದು ಗೆರೆ ಹಾಕುವರು. ದೂರದಿಂದ ಜೋರಾಗಿ ಓಡಿ ಬಂದು ಆ ಗೆರೆಯ ಮೇಲೆ ನಿಲ್ಲಬೇಕು. ಓಡಿ ಬರುವಾಗ ಆಪಾ ನಮ್ಮ ಕಡೆಗೆ ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ಕಾಲಿನ ಸದ್ದು ಹತ್ತಿರ ಬಂದಾಗ ಮಾತ್ರ ತಿರುಗಿ, ನಿಂತ ಕಾಲನ್ನು ನೋಡುವರು. ಓಟ ಅವರ ಕಣ್ಣಿಗೆ ಬೀಳಲೇಬಾರದು. ನಾನು ದಪ್ಪಗಿದ್ದೆ, ಓಟದ ಪಂದ್ಯದಲ್ಲಿ ನನ್ನ ಹಿಂದೆ ಯಾರೂ ಇರುತ್ತಿರಲಿಲ್ಲ. ಆದರೆ ಗೆರೆಯ ಮೇಲೆ ಗೂಟ ಹೊಡೆದ ಹಾಗೆ ನಿಂತೆ. ನನ್ನ ಜನ್ಮದಲ್ಲಿ ಮೊದಲ ಸಲ ಆಟದ ವಿಷಯಕ್ಕೆ ಒಬ್ಬರು ನನ್ನ ಭುಜ ತಟ್ಟಿದರು. ಅಂದಿನಿಂದ ಮೂರೂ ಹೊತ್ತು ನನ್ನನ್ನು ತಿದ್ದಿದರು. ಎದುರಿನವಳ ಕಾಲನ್ನು ನೋಡಬೇಡ, ಕಾಲು ಸುಳ್ಳು ಹೇಳುತ್ತದೆ, ಸೊಂಟ ನೋಡು ಎಂದು ಕಲಿಸಿದವರು ಅವರೇ. ಸ್ವಲ್ಪ ದಿನದಲ್ಲಿ ನಮ್ಮ ಶಾಲೆಯಲ್ಲಿ ನನ್ನನ್ನು ಮುಟ್ಟುವವರು ಯಾರೂ ಉಳಿಯಲಿಲ್ಲ.

ಆ ವರ್ಷವೇ ಆಡಕಿ ಎಂಬ ಹಳ್ಳಿಯಿಂದ ಒಬ್ಬ ಹುಡುಗಿ ಬಂದು ನನ್ನ ಕ್ಲಾಸಿಗೆ ಸೇರಿದಳು. ಕಪ್ಪಗೆ, ತೆಳ್ಳಗೆ, ಮೊಣಕಾಲಿನ ಕೆಳಗೆ ಎಲ್ಲ ಎಲುಬೇ. ಅವಳ ಓಟವನ್ನು ನಾನು ವರ್ಣಿಸಲು ಹೋಗುವುದಿಲ್ಲ. ಒಮ್ಮೆ ಅವಳು ಓಡಿದರೆ ಉಳಿದವರು ನಾಚಿಕೊಂಡು ನಡೆಯುತ್ತಿದ್ದರು, ಇಷ್ಟು ಸಾಕು. ಅವರೂರಿನ ಮಾಸ್ತರರೊಬ್ಬರು ಅವಳಪ್ಪನಿಗೆ ಹೇಳಿದ್ದರಂತೆ, ಈ ಕಾಲು ಹೊಲದಲ್ಲಿ ಕೊಳೆಯಬಾರದು, ಸೇಡಮ್ಮಿಗೆ ಹಾಕು ಎಂದು. ಅಪ್ಪ ಒಪ್ಪಿ ಒಂದು ಷರತ್ತು ಹಾಕಿದ್ದ. ಆಟದಲ್ಲಿ ಹೆಸರು ಬಂದರೆ ಓದು, ಬರದಿದ್ದರೆ ಹೊಲಕ್ಕೆ ಬಾ. ಇದನ್ನು ಅವಳು ಬಂದ ದಿನವೇ ನಮಗೆಲ್ಲ ಹೇಳಿದಳು. ಆಪಾರಿಗೂ ಹೇಳಿದಳು.

ಗೆರೆಯ ಪರೀಕ್ಷೆಯಲ್ಲಿ ಅವಳು ಗೆರೆ ದಾಟಿ, ಆಪಾರನ್ನೂ ದಾಟಿ, ಬೇವಿನ ಗಿಡದವರೆಗೆ ಹೋದಳು. ಆಪಾ ತಿರುಗಿದಾಗ ಗೆರೆಯ ಮೇಲೆ ಬರೀ ಧೂಳಿತ್ತು. ಹರಳು ಮೇಲೇರಿತು. ಮತ್ತೊಂದು ಸಲ ಓಡಿಸಿ ಎಂದು ಹುಡುಗಿ ಬೇಡಿಕೊಂಡಳು. ಆಪಾ ಓಡಿಸಲಿಲ್ಲ. ಟೀಮಿನ ಹೊರಗೆ ಕೂಡಿಸಿದರು, ವರ್ಷವೆಲ್ಲ ಹೊರಗೇ ಕೂಡಿಸಿದರು. ನಮಗೆ ನೀರು ತಂದು ಕೊಡುವುದು, ಸುಣ್ಣ ಹಾಕುವುದು, ಕಂಬ ನೆಡುವುದು ಅವಳ ಕೆಲಸವಾಯಿತು. ಅದನ್ನು ಅವಳು ನಗುನಗುತ್ತ ಮಾಡುತ್ತಿದ್ದಳು. ಹಾಗೆ ನಗುವುದನ್ನು ಕಂಡರೂ ಆಪಾ ಮುಖ ಸಿಂಡರಿಸುವರು.

ಜಿಲ್ಲೆಯ ಟೀಮಿನ ಆಯ್ಕೆಗೆ ಕಲಬುರಗಿಗೆ ಹೋದೆವು. ಕರೆದಿದ್ದು ಶಾಲೆಯ ಎಲ್ಲ ಆಟಗಾರ್ತಿಯರನ್ನೂ ಆದ್ದರಿಂದ ಅವಳೂ ಬಂದಳು. ಆಯ್ಕೆ ಮಾಡಲು ಬಂದ ಸಾಹೇಬರನ್ನು ನೆನೆದರೆ ನನಗೆ ಇಂದಿಗೂ ಬಾಯಲ್ಲಿ ಕಹಿಯಾಗುತ್ತದೆ. ಹೊಟ್ಟೆಯ ಮೇಲೆ ಬಿಗಿದ ಸಫಾರಿ, ಕೊರಳಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು, ಬಾಯಲ್ಲಿ ಅಡಿಕೆ ಚೂರು. ಕುರ್ಚಿಯಿಂದ ಏಳದೆ ನಮ್ಮನ್ನೆಲ್ಲ ನೂರು ಮೀಟರ್ ಓಡಿಸಿದರು. ವಾಚು ಒತ್ತುವುದು, ಅಡಿಕೆ ಅಗಿಯುವುದು, ಮತ್ತೆ ಒತ್ತುವುದು. ಅದರಲ್ಲೇ ಆಯ್ಕೆ ಮುಗಿಯಿತು. ಆಡಕಿಯವಳು ಎಲ್ಲರಿಗಿಂತ ಮೊದಲು, ನಾನು ಎಲ್ಲರಿಗಿಂತ ಹಿಂದೆ.

ಆಪಾ ಹೋಗಿ ಕುರ್ಚಿಯ ಮುಂದೆ ನಿಂತರು. ಇದು ಖೋ-ಖೋ ಟೀಮು, ಆಟ ಆಡಿಸಿ ನೋಡ್ರಿ ಎಂದರು. ಸಾಹೇಬರು ಹೊತ್ತಾಯಿತು ಎಂದರು. ಆಪಾ ಸರಿಯಲಿಲ್ಲ. ನೀವು ಆರಿಸಿದ ಓಟಗಾರ್ತಿಯರನ್ನೆಲ್ಲ ಕೂಡಿಸ್ರಿ, ನನ್ನ ಈ ದಪ್ಪನೆಯ ಹುಡುಗಿಯನ್ನು ಮುಟ್ಟಲಿ ನೋಡೋಣ ಎಂದು ಪಟ್ಟು ಹಿಡಿದರು. ಕಡೆಗೆ ಆಡಿಸಿದರು. ಅವರಲ್ಲಿ ಒಬ್ಬಳಿಗೂ ನನ್ನನ್ನು ಮುಟ್ಟಲಾಗಲಿಲ್ಲ. ನಾನು ಓಡಲೇ ಇಲ್ಲ ಎಂದರೂ ನಡೆದೀತು. ನಿಂತೆ, ತಿರುಗಿದೆ, ನಿಂತೆ, ಅವರೆಲ್ಲ ನನ್ನ ಪಕ್ಕದಿಂದ ಹಾರಿ ಹೋದರು. ಸಾಹೇಬರು ಎಲ್ಲವನ್ನೂ ಕಣ್ಣಾರೆ ನೋಡಿದರು. ನೋಡಿ, ಅಡಿಕೆ ಉಗುಳಿ, ಹೇಳಿದರು:

"ಚೆನ್ನಾಗಿ ಆಡುತ್ತಾಳೆ. ಆದರೆ ಏನು ಮಾಡುವುದು, ವಾಚಿನಲ್ಲಿ ಬರಲಿಲ್ಲವಲ್ಲ."

ಸುಳ್ಳು ಹೇಳುವವರನ್ನು ಕಂಡರೆ ನನಗೆ ಅಷ್ಟು ಹೇಸಿಗೆಯಿಲ್ಲ. ಅವರಿಗೆ ಸತ್ಯ ಗೊತ್ತಿರುತ್ತದೆ, ಮುಚ್ಚಿಡುತ್ತಾರೆ. ಈ ಮನುಷ್ಯ ಸತ್ಯವನ್ನು ನೋಡಿ, ಒಪ್ಪಿ, ಪಕ್ಕಕ್ಕೆ ಸರಿಸಿ ವಾಚಿನ ಮುಳ್ಳನ್ನು ನಂಬಿದ. ಇಂಥವರ ಕೈಗೆ ಮಕ್ಕಳನ್ನು ಕೊಡುತ್ತೇವಲ್ಲ ಎಂದು ಮುಂದೆ ಎಷ್ಟೋ ವರ್ಷ ನನಗೆ ಮೈ ಉರಿದಿದೆ.

ವಾಪಸಾಗುವಾಗ ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೆವು. ತಲೆಯ ಮೇಲೆ, ಊಟದ ಡಬ್ಬಿಯ ಮೇಲೆ ಎಲ್ಲ ಅಲ್ಲಿಯ ಫ್ಯಾಕ್ಟರಿಯ ಸಿಮೆಂಟಿನ ಪುಡಿ. ಆಪಾ ಡಬ್ಬಿ ತೆರೆದು, ನೋಡಿ, ಮುಚ್ಚಿಟ್ಟರು. ಆಡಕಿಯ ಹುಡುಗಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಅವಳ ಹೆಸರು ಬಂದಿತ್ತು, ಇನ್ನು ಅಪ್ಪ ಶಾಲೆ ಬಿಡಿಸುವುದಿಲ್ಲ. ಎರಡು ಸಲ ಆಪಾರ ಹತ್ತಿರ ಬಂದು ಹಿಂದೆ ಸರಿದಳು. ಮೂರನೆಯ ಸಲ ಬಂದು ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆಪಾ, ನಂಗ ನಿಂದ್ರಾದು ಕಲಸ್ರಿ. ಮ್ಯಾಚಿಗಿ ಇನ್ನಾ ಟೈಮ್ ಅದ. ನೀವು ಹೇಳ್ದಂಗ ಮಾಡ್ತೀನಿ."

ಆಪಾ ಅವಳ ಕಡೆ ನೋಡಲಿಲ್ಲ. "ನಿನ್ನ ಆರ್ಸಿದಾಂವ್ಗ ಕೇಳ ಹೋಗು," ಎಂದರು. "ಅವನ ಕೊಳ್ಳಾಗ ಗಡಿಯಾರ ಅದ, ಅದರಾಗ ಎಲ್ಲಾ ಅದ."

ಹುಡುಗಿ ಎದ್ದು ನಳದ ಕಡೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಆಯ್ಕೆಯಾಗದವಳು ನಾನು, ಸಿಟ್ಟು ನನಗಿರಬೇಕಿತ್ತು. ಆದರೆ ಆ ಮಾತು ಕೇಳಿ ನನ್ನ ಆಪಾರ ಮೇಲೆಯೇ ನನಗೆ ಅಸಹ್ಯ ಹುಟ್ಟಿತು. ಅಷ್ಟು ಇಷ್ಟಪಟ್ಟವರ ಮೇಲೆ ಹಾಗೆ ಅನ್ನಿಸುವುದು ಎಂಥ ಕಷ್ಟ ಎಂಬುದು ಅನುಭವಿಸಿದವರಿಗೆ ಗೊತ್ತು. ಗಾಡಿ ಬಂದಾಗ ನಾನು ಅವರನ್ನು ಬಿಟ್ಟು ಹುಡುಗಿಯ ಪಕ್ಕ ಹೋಗಿ ಕೂತೆ.

ಆಮೇಲಿನ ದಿನಗಳಲ್ಲಿ ಹುಡುಗಿ ಮೈದಾನಕ್ಕೆ ಒಬ್ಬಳೇ ಬಂದು ಓಡಿ ಹೋಗುತ್ತಿದ್ದಳು. ನಿಲ್ಲುವುದನ್ನು ನಾನು ತೋರಿಸಲು ನೋಡಿದೆ. ಮೈಯಲ್ಲಿ ಇರುವುದನ್ನು ಬಾಯಲ್ಲಿ ಹೇಳಿ ಕೊಡಲು ನನಗೆ ಬರುತ್ತಿರಲಿಲ್ಲ, ಅದು ಆಪಾರ ವಿದ್ಯೆ. ಅವರು ಸ್ಟಾಫ್ ರೂಮಿನ ಕಿಟಕಿಗೆ ಬೆನ್ನು ಮಾಡಿ ಕೂತು ಚಹಾದ ಕೆನೆ ತೆಗೆಯುತ್ತಿದ್ದರು.

ಪಂದ್ಯ ನಡೆದದ್ದು ಶಹಾಬಾದಿನಲ್ಲಿ. ನಮ್ಮ ಶಾಲೆಯಿಂದ ನೋಡಲು ಒಂದಿಷ್ಟು ಜನ ಹೋಗಿದ್ದೆವು, ಆಪಾರೂ ಬಂದಿದ್ದರು. ಹುಡುಗಿಯ ಅಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಆಡಕಿಯ ನಾಲ್ಕಾರು ಮಂದಿಯನ್ನು ಕರೆದುಕೊಂಡು ಬಂದಿದ್ದ. ಮಗಳ ಆಟವನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ಪಾಲಿಶ್ ಕಲ್ಲಿನ ಹುಡಿ ಬಿದ್ದು ಬೆಳ್ಳಗಾದ ನೆಲದ ಮೇಲೆ ಅವಳು ಮೊದಲ ಸಲ ಎದ್ದು ಬೆನ್ನಟ್ಟಿದಾಗ ಮಂದಿ ಹೋ ಎಂದಿತು. ಎದುರಿನ ಟೀಮಿನ ಹುಡುಗಿ ಒಂದು ಹೆಜ್ಜೆ ಹಿಂದಿಟ್ಟು ನಿಂತಳು. ಇವಳು ಅವಳನ್ನೂ ದಾಟಿದಳು, ಖೋ ಕೊಡಬೇಕಾದವಳನ್ನೂ ದಾಟಿದಳು. ರೆಫರಿ ಸೀಟಿ ಊದಿದರು. ಮತ್ತೆ ಎದ್ದಳು, ಮತ್ತೆ ದಾಟಿದಳು, ಮತ್ತೆ ಸೀಟಿ. ಎದುರಿನವರಿಗೆ ತಿಳಿದುಹೋಯಿತು. ಅವಳು ಎದ್ದಾಗಲೆಲ್ಲ ಅವರು ಓಡುವುದನ್ನೇ ಬಿಟ್ಟು ಸೊಂಟದ ಮೇಲೆ ಕೈ ಇಟ್ಟು ಕಾಯತೊಡಗಿದರು. ಮಂದಿ ನಗಲು ಸುರು ಮಾಡಿತು. ಆಡಕಿಯಿಂದ ಬಂದವರೂ ನಕ್ಕರು. ಅಪ್ಪ ಮಾತ್ರ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ನಗು ಕೇಳಿದಷ್ಟೂ ಅವಳು ಇನ್ನೂ ಜೋರಾಗಿ ಓಡಿದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ. ಕೊನೆಗೆ ಒಬ್ಬಳು ಕಂಬದ ಕಡೆ ಸೆಳೆದುಕೊಂಡು ಹೋಗಿ ಪಕ್ಕಕ್ಕೆ ಸರಿದಳು. ಇವಳು ಬಂದ ರಭಸದಲ್ಲೇ ಬಲ ಹೆಗಲಿನಿಂದ ಕಂಬಕ್ಕೆ ಹೋದಳು. ಆ ಸದ್ದು ನಾವು ಕೂತಲ್ಲಿಗೆ ಕೇಳಿಸಿತು, ನಗು ನಿಂತಿತು. ನಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದ ಸಾಹೇಬರು ಪಕ್ಕದವರಿಗೆ ಹೇಳುತ್ತಿದ್ದದ್ದೂ ಆ ಮೌನದಲ್ಲಿ ಸ್ಪಷ್ಟವಾಗಿ ಕೇಳಿಸಿತು: ಏನೇ ಅನ್ನಿ, ಸ್ಪೀಡು ನೋಡಿದಿರಾ.

ಆಪಾ ಎದ್ದು ಹೋಗಿ ಆತನ ಮುಖಕ್ಕೆ ಉಗುಳುತ್ತಾರೆ ಎಂದುಕೊಂಡೆ. ಉಗುಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಎದ್ದು ಕಂಬದ ಕಡೆಗೆ ಓಡಿದರು. ಅಷ್ಟರಲ್ಲಿ ಅಪ್ಪ ಮಗಳನ್ನು ಎತ್ತಿಕೊಂಡಾಗಿತ್ತು. ಆಪಾ ಕೈ ಚಾಚಿದರೆ ಅವನು ಅವರ ಪಕ್ಕದಿಂದ ಸುತ್ತಿ ದಾಟಿ ಹೋದ.

ಹುಡುಗಿ ಶಾಲೆಗೆ ಮರಳಲಿಲ್ಲ. ಒಂದು ರವಿವಾರ ಆಪಾ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಆಡಕಿಗೆ ಹೋದರು. ಅಪ್ಪ ಕಂಬಳಿ ಹಾಸಿ ಕೂಡಿಸಿದ, ಚಹಾ ಮಾಡಿಸಿದ. ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ದಪ್ಪನೆ ಕೆನೆಗಟ್ಟಿದ ಚಹಾವನ್ನು ಆಪಾ ಒಂದು ಮಾತಿಲ್ಲದೆ ಕುಡಿದರು. ಆಮೇಲೆ ಹುಡುಗಿಯನ್ನು ಶಾಲೆಗೆ ಕಳಿಸಬೇಕೆಂದು, ತಾವೇ ನಿಂತು ಕಲಿಸುವುದಾಗಿ ಹೇಳಿದರು. ಅಪ್ಪ ಖಾಲಿ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿದ.

"ಆಪಾ, ನೀವು ಅಕಿನ್ನ ಒಂದಿನಾನೂ ಆಟಕ್ಕ ಇಳಸಿಲ್ಲಂತ," ಎಂದ. "ನೀರು ತರಾಕ ಹಚ್ಚಿದ್ರಂತ. ಅಕಿ ನನ್ನ ಮುಂದ ಹೇಳಿಲ್ರಿ, ಬ್ಯಾರೇದೋರು ಹೇಳ್ಯಾರ. ನೀರು ತರಾದು ನಮ್ಮ ಊರಾಗೂ ಅದ."

ಹುಡುಗಿ ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಎಡಗೈಯಲ್ಲಿ ತಂಬಿಗೆ ತಂದು ಆಪಾರ ಮುಂದೆ ಇಟ್ಟು ಒಳಗೆ ಹೋದಳು. ಆಪಾರ ಬಾಯಿಂದ 'ಕೈ ಹುಷಾರು' ಎಂಬ ಎರಡು ಮಾತು ಬಿಟ್ಟರೆ ಬೇರೇನೂ ಬರಲಿಲ್ಲ. ಒಂದು ಸಲ 'ತಪ್ಪಾಯಿತು' ಅಂದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಬಯ್ಯುವುದಕ್ಕೆ ಅಷ್ಟು ಮಾತಿದ್ದ ಬಾಯಿಗೆ ಇದೊಂದು ಹೊರಡಲಿಲ್ಲ.

ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಾಗ ಅವರಾಗಿಯೇ ಮಾತು ತೆಗೆದರು.

"ಆ ಗಡಿಯಾರದಾಂವ ಅಕಿ ಕಾಲು ಅಷ್ಟೇ ನೋಡ್ದ. ನಾ ಅದನ್ನೂ ನೋಡ್ಲಿಲ್ಲ. ನಿಂದ್ರಾದು ನಾ ಕಲಸಬಹುದಿತ್ತು, ಬೇಟಾ. ಓಡಾದು ಯಾರು ಕಲಸ್ತಾರ? ಅದು ಮ್ಯಾಲಿನಾಂವ ಕೊಡಬೇಕು. ಕೊಟ್ಟು, ನನ್ನ ಮುಂದ ತಂದು ನಿಂದ್ರಸಿದ್ದ."

ಅವರ ಮುಖದಲ್ಲಿ ಅದೇ ಹೇಸಿಗೆ ಇತ್ತು. ಈ ಸಲ ಅದು ಯಾರ ಮೇಲೆ ಎಂದು ನಾನು ಕೇಳಬೇಕಾಗಿರಲಿಲ್ಲ.

ಮುಂದಿನ ವರ್ಷದಿಂದ ಆಪಾ ಸುಣ್ಣದ ಗೆರೆಯ ಹತ್ತಿರ ನಿಂತಾಗ ಓಡಿ ಬರುವವರ ಕಡೆಗೆ ಮುಖ ಮಾಡಿ ನಿಂತರು. ಜೋರಾಗಿ ಓಡಿ ಗೆರೆ ದಾಟಿ ಹೋದವಳನ್ನು ಬಯ್ದರು, ಬಯ್ದು ಮೊದಲು ಅವಳನ್ನೇ ಆರಿಸಿದರು. ನಿಲ್ಲುವವರು ಎರಡನೆಯ ಸಾಲು. ಹಾಗೆ ಆರಿಸಿದವಳಿಗೆ ನಿಲ್ಲುವುದನ್ನು ಕಲಿಸಲು ಸಂಜೆಯ ಗಾಡಿ ತಪ್ಪಿಸಿಕೊಂಡು ನಮ್ಮ ಮನೆಯಲ್ಲಿ ಉಳಿಯುತ್ತಿದ್ದರು. ನನ್ನನ್ನೂ ಜೊತೆಗೆ ನಿಲ್ಲಿಸಿಕೊಂಡು, ಮೈಯಲ್ಲಿ ಇದ್ದದ್ದನ್ನು ಮಾತಿಗೆ ತರುವುದು ಹೇಗೆಂದು ತೋರಿಸಿದರು. ಮುಂದೆ ನಾನು ತರಬೇತಿಗೆ ಹೋಗುವಾಗ ನಮ್ಮಪ್ಪನ ಜೊತೆ ಜಗಳಾಡಿದವರೂ ಅವರೇ. ಚಿಂಚೋಳಿಯಲ್ಲಿ ನಾನು ಡ್ರಿಲ್ ಟೀಚರಾದೆ. ನನ್ನ ಅನ್ನ ಅವರದು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಆ ಅನ್ನ ನನಗಿಂತ ಮೊದಲು ಇನ್ನೊಬ್ಬಳಿಗೆ ಸಲ್ಲಬೇಕಿತ್ತು ಎಂಬುದೂ ನನಗೆ ಗೊತ್ತು. ಆಟದಲ್ಲಿ ಓಟಕ್ಕೆ ಬೆಲೆಯಿದೆಯೇ ಎಂದು ಹೊಸ ಟೀಚರುಗಳು ವಾದ ಮಾಡುವಾಗ ನಾನು ಬಾಯಿ ಹಾಕುವುದಿಲ್ಲ. ಓಟವೇ ಎಲ್ಲ ಎನ್ನುವವನನ್ನೂ ನೋಡಿದ್ದೇನೆ, ಓಟ ಏನೂ ಅಲ್ಲ ಎನ್ನುವವರನ್ನೂ ನೋಡಿದ್ದೇನೆ. ಇಬ್ಬರೂ ಸೇರಿ ಒಂದೇ ಹುಡುಗಿಯ ಹೆಗಲು ಮುರಿದರು.

ಆಪಾ ರಿಟೈರಾದ ಮೇಲೆ ಚಿತ್ತಾಪುರದಲ್ಲೇ ತಮ್ಮನ ಮನೆಯಲ್ಲಿದ್ದರು. ಉಬ್ಬಸ ಹತ್ತಿಕೊಂಡಿತು. ನಾನು ಕೊನೆಯ ಸಲ ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಡಾಕ್ಟರನ್ನು ಬಯ್ದರು, ಔಷಧಿಯ ವಾಸನೆಯನ್ನು ಬಯ್ದರು. ಉಸಿರು ಸಾಲದೆ ಸುಮ್ಮನಾದರು. ಆಮೇಲೆ ತಡೆದು ತಡೆದು ಆಡಕಿಯವಳ ಮಾತು ತೆಗೆದರು. ಆ ವರ್ಷ, ಕಲಬುರಗಿಯ ಆಯ್ಕೆಗೂ ಮೊದಲು, ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವಳು ಮೈದಾನದಲ್ಲಿ ಒಬ್ಬಳೇ ಓಡುವುದನ್ನು ಸ್ಟಾಫ್ ರೂಮಿನ ಬಾಗಿಲ ಸಂದಿನಿಂದ ಅವರು ಕದ್ದು ನೋಡಿದ್ದರಂತೆ, ಆಡಕಿಯ ರಸ್ತೆಯಲ್ಲಿ ನೋಡಲಿಲ್ಲ ಎಂದು ನನಗೆ ಹೇಳಿದ್ದು ಸುಳ್ಳಂತೆ.

"ಹಂತಾ ಓಟ ನಾ ಎಲ್ಲಿಯೂ ನೋಡಿಲ್ಲ. ನೋಡಿ ಎದಿ ತುಂಬಿ ಬಂತು," ಎಂದರು. "ಹೇಳಿದ್ರ ಪೋರಿ ಕೆಡ್ತಾಳ ಅಂತ ಹೇಳ್ಲಿಲ್ಲ. ನೀ ಹೋಗಿ ಅಕಿಗಿ ಹೇಳು."

ಬರುವ ರವಿವಾರ ಹೋಗಿ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ. ರವಿವಾರ ಬರುವ ಮೊದಲೇ ಆಪಾ ಹೋದರೆಂದು ಸುದ್ದಿ ಬಂತು. ಆಡಕಿಯ ಹುಡುಗಿಯನ್ನು ಕೊಡ್ಲಿ ಎಂಬ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಆ ಕಡೆ ಹೋಗುವ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿ ನಾನು ಚಿತ್ತಾಪುರಕ್ಕೆ ಬಂದೆ. ಅವಳು ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಆದರೆ ಬಂದಳು, ಕಂಕುಳಲ್ಲಿ ಕೂಸು ಎತ್ತಿಕೊಂಡು. ಕೂಸು ಎಡಗಡೆಗಿತ್ತು, ಬಲ ಹೆಗಲು ಇನ್ನೂ ಕೆಳಕ್ಕೆ ಜಗ್ಗಿಕೊಂಡಿತ್ತು.

ಅಂಗಳದ ಮೂಲೆಗೆ ಕರೆದು, ಆಪಾ ಹೇಳಿದ್ದನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳಿದೆ. ಅಳುತ್ತಾಳೆಂದುಕೊಂಡೆ. ಅವಳ ಮುಖ ಸಿಂಡರಿಸಿತು.

"ಸತ್ತ ಮ್ಯಾಲ ಹೇಳಿ ಕಳಸ್ಯಾಳೇನು, ಥೂ," ಎಂದಳು. "ಅವತ್ತ ವಾಡಿ ಸ್ಟೇಶನ್ದಾಗ ಇದೊಂದು ಮಾತು ಅಂದಿದ್ರ ಸಾಕಿತ್ತಲ್ಲ ಅಕ್ಕಾ. ನಿಂದ್ರಾದು ನಾ ಹೆಂಗರ ಕಲೀತಿದ್ದೆ."

ಅವಳು ಕೂಸನ್ನು ನನ್ನ ಕೈಗೆ ಕೊಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಹೆಂಗಸರ ನಡುವೆ ಜಾಗ ಮಾಡಿಕೊಂಡು ಆಪಾರ ಕಾಲಿನ ಹತ್ತಿರ ಕೂತಳು. ಅವಳನ್ನು ಅಲ್ಲಿ ಯಾರೂ ಅರಿಯರು. ನೀನು ಅವರಿಗೆ ಏನಾಗಬೇಕು ಎಂದು ಆಪಾರ ನಾದಿನಿ ಕೇಳಿದಳು.

"ಅವರ ಟೀಮಿನಾಕಿ," ಎಂದಳು ಅವಳು.